ಕೆಂಡಾನೆ ಕುಡಿದ ಹಿರಿಗೆರೆ

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ, ನೀಳಾವತಿ ಅಂತ ಒಂದು ರಾಜ್ಯ ಇತ್ತು. ಹೆಸರಿಗೆ ತಕ್ಕ ಹಾಗೆ ಅದು ಅಗಲಕ್ಕಿಂತ ಉದ್ದವೇ ಹೆಚ್ಚು. ಮೂಡಣ ಸಮುದ್ರದ ದಂಡೆಯಲ್ಲಿ ಹೊರಟವನು ಪಡುವಣ ಮರಳುಗಾಡು ಮುಟ್ಟುವಷ್ಟರಲ್ಲಿ ಅವನ ಗಡ್ಡ ಎದೆಗೆ ಇಳಿದಿರುತ್ತಿತ್ತು. ಈ ತುದಿಯಿಂದ ಆ ತುದಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ಮುಖವನ್ನೇ ಮರೆಯುತ್ತಿದ್ದರು. ಇದನ್ನು ನೋಡಲಾರದೆ ಅಲ್ಲಿನ ರಾಣಿ ಒಂದು ರೈಲು ಮಾಡಿಸಿದಳು. ಮಾಯಾಲೋಕಕ್ಕೆ ರೈಲು ಎಲ್ಲಿಂದ ಬಂತು ಅಂತ ಮೂಗು ಮುರಿಯಬೇಡಿ. ಹಾರುವ ಕುದುರೆ ಅಂದರೆ ತಲೆಯಾಡಿಸುತ್ತೀರಿ, ರೈಲು ಅಂದರೆ ಹುಬ್ಬು ಏರಿಸುತ್ತೀರಿ, ಇದು ಯಾವ ನ್ಯಾಯ?

ಆ ರೈಲನ್ನು ಎಳೆಯುತ್ತಿದ್ದದ್ದು ಒಂದು ಕೆಂಡಾನೆ. ಮೈಯೆಲ್ಲ ಉಕ್ಕು, ಕಾಲಿನ ಜಾಗದಲ್ಲಿ ಗಾಲಿ, ಹೊಟ್ಟೆಯೊಳಗೆ ನಿಗಿನಿಗಿ ಕೆಂಡ. ಸೊಂಡಿಲೆತ್ತಿ ಒಂದು ಸಲ ಘೀಳಿಟ್ಟರೆ ಮುಂದಿನ ಮೂರು ಊರಿನವರು ಗಂಟುಮೂಟೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಜವರಣ್ಣ ಅಂತ ಅದಕ್ಕೊಬ್ಬ ಮಾವುತ. ಆನೆಯ ಮಾತು ಅವನಿಗೆ, ಅವನ ಮಾತು ಆನೆಗೆ ಅರ್ಥವಾಗುತ್ತಿತ್ತು. ಹೆಂಡತಿಯ ಮಾತೊಂದು ಅರ್ಥವಾಗುವುದಿಲ್ಲ ಅಂತ ಅವನೇ ಹೇಳಿಕೊಂಡು ನಗುತ್ತಿದ್ದ.

ದಾರಿಯ ನಟ್ಟನಡುವೆ ಹಿರಿಗೆರೆ ಅಂತ ಒಂದು ಮಹಾ ಸರೋವರ. ಆಚೆ ದಡ ಕಾಣದು, ತಳ ಸಿಗದು. ಅದರ ದಂಡೆಯಲ್ಲೇ ನೀರಂಚು ಅನ್ನುವ ಪುಟ್ಟ ಹಳ್ಳಿ. ಬಯಲೆಲ್ಲ ದಾಟಿ ಬಂದ ರೈಲು ಅಲ್ಲಿ ನಿಲ್ಲಲೇಬೇಕು, ಏಕೆಂದರೆ ಕೆಂಡಾನೆಗೆ ಹಿರಿಗೆರೆಯ ನೀರು ಬಿಟ್ಟರೆ ಬೇರೆ ನೀರು ಸೇರದು. ಮೊದಲು ಜನ ಉಣ್ಣಬೇಕು, ಆಮೇಲೆ ಆನೆ ಕುಡಿಯಬೇಕು, ಕುಡಿದ ಕೂಡಲೇ ಹೊರಡಬೇಕು. ಇದು ಕಟ್ಟಳೆ.

ರೈಲು ಬಂತೆಂದರೆ ನೀರಂಚಿನ ಹೆಂಗಸರು ಬುಟ್ಟಿ ಹೊತ್ತು ಓಡುತ್ತಿದ್ದರು. ರಾಗಿರೊಟ್ಟಿ, ಬೇಯಿಸಿದ ಗೆಣಸು, ಎಲ್ಲಕ್ಕಿಂತ ಮೇಲಾಗಿ ಎಲೆಯಲ್ಲಿ ಸುತ್ತಿದ ಹೊಗೆಮೀನು. ಆ ಹೊಗೆಮೀನಿನ ರುಚಿಗೆ ಮೂಡಣದವರು ಮೂರು ದಿನ ಉಪವಾಸ ಕೂತು ಬರುತ್ತಿದ್ದರಂತೆ. ನಾನೇನೂ ನೋಡಿಲ್ಲ, ಹೇಳಿದ್ದನ್ನು ಹೇಳುತ್ತಿದ್ದೇನೆ.

ಆ ಹೆಂಗಸರಲ್ಲಿ ದ್ಯಾವಿ ಅನ್ನುವವಳು ಎಲ್ಲರಿಗಿಂತ ಚುರುಕು. ಕಿಟಕಿಯಲ್ಲಿ ಮುಖ ಕಂಡರೆ ಸಾಕು, ಯಾರಿಗೆ ಹಸಿವು, ಯಾರಿಗೆ ಬರೀ ಬಾಯಿಚಪಲ ಅಂತ ಹೇಳಿಬಿಡುತ್ತಿದ್ದಳು. ಅವಳ ಗಂಡ ಚೆಲುವ ಹಿರಿಗೆರೆಯಲ್ಲಿ ಬಲೆ ಬೀಸುವವನು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವನು ಮೀನು ತರುವುದು, ಇವಳು ಮತ್ತು ಅತ್ತೆ ನಂಜವ್ವ ಸೇರಿ ಹೊಗೆ ಹಾಕುವುದು, ರೈಲಿಗೆ ಮಾರುವುದು. ಮೂವರೂ ಬಾಯಿ ಜೋರಿನವರೇ. ಆ ಮನೆಯಲ್ಲಿ ಜಗಳವೂ ನಗುವೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು.

ಒಂದು ದಿನ ಮಧ್ಯಾಹ್ನ ರೈಲು ಬಂತು. ದ್ಯಾವಿಯ ಬುಟ್ಟಿ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಖಾಲಿಯಾಯಿತು. ಕೊನೆಯ ಕಿಟಕಿಯಲ್ಲಿ ಬಿಳಿ ಪಂಚೆ, ಬಿಳಿ ಶಲ್ಯ, ಹಣೆತುಂಬ ವಿಭೂತಿ ಹಚ್ಚಿದ ಯಜಮಾನನೊಬ್ಬ ಕೂತಿದ್ದ.

"ಮೀನು ಮುಗೀತು ಯಜಮಾನ್ರೇ," ಅಂದಳು ದ್ಯಾವಿ.

"ಮೀನು ಬೇಡ ಮಗಳೇ," ಅಂದ ಅವನು, "ನಮ್ಮನೇಲಿ ಶುಭಕಾರ್ಯ ಆಯ್ತು. ಪಾಯಸ ತಂದಿದೀನಿ. ತಗೋ, ತಂಬಿಗೆ ಮಾತ್ರ ವಾಪಸ್ ಕೊಡು."

ಹಿತ್ತಾಳೆ ತಂಬಿಗೆಯ ತುಂಬ ಪಾಯಸ. ದ್ಯಾವಿ ಅದನ್ನು ಅಕ್ಕಪಕ್ಕದ ಹೆಂಗಸರಿಗೆಲ್ಲ ಹಂಚಿದಳು. ಇನ್ನೇನು ತಂಬಿಗೆ ಹಿಂದಕ್ಕೆ ಕೊಡಬೇಕು. ಇಲ್ಲೇ ನೋಡಿ ಎಡವಟ್ಟಾದದ್ದು. ನೀರಂಚಿನವರು ಯಾರ ಪಾತ್ರೆಯನ್ನೂ ಖಾಲಿ ಹಿಂತಿರುಗಿಸುವುದಿಲ್ಲ. ಒಂದು ಹಿಡಿ ಅಕ್ಕಿಯೋ, ಎರಡು ಹೂವೋ, ಕೊನೆಗೆ ಒಂದು ಬೆಲ್ಲದ ಚೂರೋ, ಏನಾದರೂ ಹಾಕಿಯೇ ಕೊಡಬೇಕು. ಖಾಲಿ ಕೊಟ್ಟರೆ ಕೊಟ್ಟವರ ಮನೆಗೂ ಇಸಿದುಕೊಂಡವರ ಮನೆಗೂ ಶ್ರೇಯಸ್ಸಲ್ಲ. ದ್ಯಾವಿಯ ಬುಟ್ಟಿಯಲ್ಲಿ ಎಲೆಯ ಚೂರೂ ಇಲ್ಲ. ಮನೆಗೆ ಓಡಿ ಬರಲು ಹೊತ್ತಿಲ್ಲ, ಕೆಂಡಾನೆ ಆಗಲೇ ನೀರಿನ ಕಡೆ ಸೊಂಡಿಲು ಚಾಚುತ್ತಿತ್ತು.

ದ್ಯಾವಿ ದಡಕ್ಕೆ ಓಡಿದಳು. ತಂಬಿಗೆ ಬೆಳಗಿ, ಹಿರಿಗೆರೆಯ ತಿಳಿನೀರು ತುಂಬಿ ತಂದಳು.

"ಏನೂ ಇಲ್ಲ ಯಜಮಾನ್ರೇ. ನಮ್ಮೂರ ನೀರೇ ಇರಲಿ," ಅಂದಳು.

"ಮನಸಾರೆ ಕೊಟ್ಟೆಯಾ ಮಗಳೇ?"

"ಅಯ್ಯೋ, ಮನಸಾರೆ ಕೊಟ್ಟೆ. ನೀರಿಗೂ ಮನಸ್ಸು ಚಿಕ್ಕದು ಮಾಡ್ಕೋತಾರಾ?"

ಆ ಮಾತು ಮುಗಿಯುವುದೇ ತಡ, ಹಿರಿಗೆರೆಗೆ ಹಿರಿಗೆರೆಯೇ ಎದ್ದಿತು. ಅಲೆ, ಮೀನು, ತಾವರೆ, ನೀರುಕೋಳಿ, ಎಲ್ಲ ಸುರುಳಿ ಸುತ್ತಿ ಆ ತಂಬಿಗೆಯೊಳಗೆ ಇಳಿದುಹೋಯಿತು. ಮುಚ್ಚಳ ತಾನಾಗಿ ಬಿತ್ತು. ಅಷ್ಟು ದೊಡ್ಡ ಸರೋವರ ಇದ್ದ ಜಾಗದಲ್ಲಿ ಬರೀ ಕೆಸರು. ಕೆಂಡಾನೆಯ ಸೊಂಡಿಲು ಕೆಸರಿಗೆ ಬಡಿಯಿತು. ಬಿಳಿ ಪಂಚೆಯವನು ಹದ್ದಾಗಿ, ತಂಬಿಗೆಯನ್ನು ಉಗುರಲ್ಲಿ ಸಿಕ್ಕಿಸಿಕೊಂಡು ಕಿಟಕಿಯಿಂದ ಹಾರಿದ. ಅವನು ಬರಡಪ್ಪ. ಮುಂದಿನ ಕರಿಬಂಡೆ ಬೆಟ್ಟದ ಮಾಟಗಾರ.

"ಇನ್ನು ಮೇಲೆ ನೀರು ಬೇಕಾದವರು ನನ್ನ ಬೆಟ್ಟಕ್ಕೆ ಬರ್ರಿ!" ಅಂತ ಮೇಲಿಂದ ಕೂಗಿದ. "ಒಂದು ಗುಟುಕಿಗೆ ಒಂದು ಜನ್ಮದ ಜೀತ!"

ರೈಲಿನವರು ಹಾಹಾಕಾರ ಮಾಡಿದರು. ದ್ಯಾವಿ ಮಾತ್ರ ಕೆಸರನ್ನೇ ನೋಡುತ್ತ ನಿಂತಿದ್ದಳು. ಸ್ವಲ್ಪ ಹೊತ್ತಿನ ಮುಂಚೆ ಅಲ್ಲೊಂದು ದೋಣಿ ಇತ್ತು. ದೋಣಿಯಲ್ಲಿ ಚೆಲುವ ಇದ್ದ. ನೀರಿನ ಜೊತೆ ಅವನೂ ತಂಬಿಗೆಯೊಳಗೆ ಹೋಗಿದ್ದ.

ಊರಿನವರೆಲ್ಲ ಸುತ್ತ ನೆರೆದರು. ದ್ಯಾವಿ ಅತ್ತೆಯ ಮುಂದೆ ಹೋಗಿ ನಿಂತಳು.

"ಅತ್ತೆ, ನಾನೇ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ."

ನಂಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಖಾಲಿ ತಂಬಿಗೆ ಕೊಟ್ಟಿದ್ರೆ ನಾನೇ ನಿನ್ನ ಜುಟ್ಟು ಹಿಡಿದು ಕೇಳ್ತಿದ್ದೆ," ಅಂದಳು. "ನೀನು ಮಾಡಿದ್ದು ಸರೀನೇ. ಅವನು ಕೆಟ್ಟವನಾದ್ರೆ ನಾವ್ಯಾಕೆ ನಮ್ಮ ಪದ್ಧತಿ ಬಿಡಬೇಕು? ಆದ್ರೆ ನನ್ನ ಮಗ ನನಗೆ ಬೇಕು. ಹೋಗಿ ಕರ್ಕೊಂಡು ಬಾ."

"ಕರ್ಕೊಂಡೇ ಬರ್ತೀನಿ," ಅಂದಳು ದ್ಯಾವಿ. ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೋಗುವುದಾದರೂ ಹೇಗೆ? ಕರಿಬಂಡೆಗೆ ದಾರಿಯೆಲ್ಲ ಏರು. ಕಾಲ್ನಡಿಗೆಯಲ್ಲಿ ಹೋದರೆ ಮಳೆಗಾಲ ಬಂದೀತು. ಕೆಂಡಾನೆಯ ಗಂಟಲು ಒಣಗಿತ್ತು. ಆಗ ನೀರಂಚಿನವರು ಏನು ಮಾಡಿದರು ಗೊತ್ತೇ? ಮನೆಮನೆಯಿಂದ ಬಿಂದಿಗೆ, ಹಂಡೆ, ಬಾನಿ, ಕೊನೆಗೆ ದೇವರ ಮುಂದಿನ ಪಂಚಪಾತ್ರೆಯ ನೀರನ್ನೂ ತಂದು ಆನೆಯ ಸೊಂಡಿಲಿಗೆ ಸುರಿದರು. ನಾಳೆ ಕುಡಿಯಲು ಏನಿದೆ ಅಂತ ಒಬ್ಬರೂ ಯೋಚಿಸಲಿಲ್ಲ.

ಜವರಣ್ಣ ಆನೆಯ ಹೊಟ್ಟೆಗೆ ಕಿವಿಯಿಟ್ಟು ಕೇಳಿದ. "ಏರು ಹತ್ತೋಕೆ ಸಾಕು ತಂಗೀ. ಇನ್ನೊಂದು ಹನಿ ಹೆಚ್ಚಿಲ್ಲ."

"ಹತ್ತಿದ್ರೆ ಸಾಕಣ್ಣ. ಇಳಿಯೋದು ಆಮೇಲೆ ನೋಡಿದ್ರಾಯ್ತು," ಅಂದಳು ದ್ಯಾವಿ.

ರೈಲಿನವರನ್ನು ಇಳಿಯಿರಿ ಅಂದರೆ ಒಬ್ಬರೂ ಇಳಿಯಲಿಲ್ಲ. ಪಾರಜ್ಜಿ ಅನ್ನುವ ಮುದುಕಿ ಉಪ್ಪಿನಕಾಯಿ ಭರಣಿ ತಬ್ಬಿಕೊಂಡು ಕೂತಿದ್ದಳು. "ಪಡುವಣದಲ್ಲಿ ನನ್ನ ಮಗಳು ಬಸುರಿ. ಈ ಉಪ್ಪಿನಕಾಯಿ ಅವಳಿಗೆ ತಲುಪಬೇಕು. ಮಾಟಗಾರ ಅಲ್ಲ, ಅವನಪ್ಪ ಬಂದ್ರೂ ನಾನು ಇಳಿಯಲ್ಲ," ಅಂದಳು. ಸೀಟಿನಲ್ಲಿ ಒಂದಿಷ್ಟು ಸರಿದು ದ್ಯಾವಿಗೆ ಜಾಗ ಮಾಡಿಕೊಟ್ಟಳು.

ಕೆಂಡಾನೆ ಘೀಳಿಟ್ಟಿತು. ರೈಲು ಏರು ಹತ್ತಿತು.

ಬೆಟ್ಟದ ಮೊದಲ ತಿರುವಿನಲ್ಲಿ ಬರಡಪ್ಪನ ಮೊದಲ ಕಾವಲು. ಹಳಿಗಳ ಮೇಲೆ ಮಂಜಿನ ಹೆಬ್ಬಾವೊಂದು ಮಲಗಿತ್ತು. ಅದು ಕಚ್ಚುವುದಿಲ್ಲ, ನುಂಗುವುದಿಲ್ಲ, ಬರೀ ಉಸಿರು ಬಿಡುತ್ತದೆ. ಆ ಉಸಿರು ತಾಗಿದವರಿಗೆ ನಿದ್ದೆ. ನಿದ್ದೆಗೆ ಹೋದವರು ಏಳುವುದಿಲ್ಲ. ಎಚ್ಚರ ಇರುವವರು ಮುಟ್ಟಿದರೆ ಹೆಬ್ಬಾವು ಕರಗುತ್ತದೆ, ಆದರೆ ಅದರ ಹತ್ತಿರ ಎಚ್ಚರ ಇರುವವರು ಯಾರು?

ಒಂದೊಂದೇ ಡಬ್ಬಿಯಲ್ಲಿ ತಲೆಗಳು ತೂಗಿದವು. ಪಾರಜ್ಜಿ ಗೊರಕೆ ಹೊಡೆದಳು. ಜವರಣ್ಣ ಆನೆಯ ಕಿವಿಗೆ ಒರಗಿದ. ಕೆಂಡಾನೆಯ ಗಾಲಿಗಳೂ ನಿಧಾನವಾದವು. ದ್ಯಾವಿಯ ರೆಪ್ಪೆಯೂ ಭಾರವಾಯಿತು. ನಾನು ಮಲಗಿದರೆ ಅವನನ್ನು ತರುವವರು ಯಾರು ಅಂತ ತೊಡೆ ಚಿವುಟಿಕೊಂಡಳು. ಎದ್ದು ಬಾಗಿಲಿಗೆ ನಿಂತು, ತನಗೆ ಬರುವ ಒಂದೇ ಕೂಗನ್ನು ಹೊಟ್ಟೆಯೊಳಗಿಂದ ಕೂಗಿದಳು.

"ಬಿಸೀ ಮೀನ್! ಬಿಸಿಬಿಸೀ ಹೊಗೆಮೀನ್! ಆಯ್ತು ನೋಡೀ, ಕೊನೇ ಬುಟ್ಟಿ ನೋಡೀ!"

ದೂರದ ಪ್ರಯಾಣ ಮಾಡಿದವರಿಗೆ ಗೊತ್ತು. ಗುಡುಗಿಗೆ ಏಳದವರು, ಸಿಡಿಲಿಗೆ ಏಳದವರು ಈ ಕೂಗಿಗೆ ಏಳುತ್ತಾರೆ. ಇಡೀ ರೈಲು ಧಡಕ್ಕನೆ ಎದ್ದು ಕೂತಿತು. ಕಿಟಕಿಕಿಟಕಿಯಿಂದ ಕೈಗಳು ಹೊರಬಂದವು. "ಇಲ್ಲಿ ಎರಡು ಕೊಡಮ್ಮಾ!" "ನನಗೆ ದೊಡ್ಡದು!" "ಆಗಿನಿಂದ ಕೂಗ್ತಿದೀನಿ, ಕಿವಿ ಕೇಳಲ್ವಾ?" ಅಷ್ಟು ಕೈಗಳೂ ಒಟ್ಟಿಗೆ ಮಂಜಿಗೆ ತಾಗಿದವು. ಹೆಬ್ಬಾವು ತಲೆಯಿಂದ ಬಾಲದವರೆಗೆ ಕರಗಿ ಹೋಯಿತು. ಮೀನು ಎಲ್ಲಿ ಅಂತ ಜಗಳಕ್ಕೆ ಬಂದವರನ್ನು ಸಮಾಧಾನ ಮಾಡುವುದೇ ದ್ಯಾವಿಗೆ ಹೆಚ್ಚು ಕಷ್ಟವಾಯಿತು.

ಎರಡನೆಯ ತಿರುವಿನಲ್ಲಿ ಒಂದು ಸುರಂಗ. ಅದಕ್ಕೆ ಕಲ್ಲಿನ ಬಾಗಿಲು. ಬಾಗಿಲ ಮುಂದೆ ಗುಡ್ಡಣ್ಣ ಅನ್ನುವ ರಕ್ಕಸ. ಹೆಸರೇ ಹೇಳುತ್ತದಲ್ಲ, ಆಕಾರ ನಾನೇನು ಹೇಳಲಿ.

"ನನ್ನ ಹಸಿವು ಹಿಂಗಿಸಿದವರಿಗೆ ಬಾಗಿಲು," ಅಂತ ಗುಡುಗಿದ. "ಹಿಂಗಿಸದಿದ್ರೆ ನೀವೇ ಊಟ. ದಿನಾ ಒಂದು ಬಂಡಿ ಅನ್ನ, ಎರಡು ಟಗರು ತಿಂತೀನಿ. ಆದ್ರೂ ಹಸಿವು ಹೋಗಲ್ಲ."

ರೈಲಿನವರು ತಂದಿದ್ದ ಬುತ್ತಿಯೆಲ್ಲ ಸೇರಿಸಿದರೂ ಅವನ ಹಲ್ಲಿನ ಸಂದಿಗೆ ಸಾಲದು. ಜನ ದೇವರನ್ನು ನೆನೆದರು. ದ್ಯಾವಿ ಮಾತ್ರ ಅವನ ಮುಖವನ್ನೇ ನೋಡಿದಳು, ಕಿಟಕಿಯ ಮುಖಗಳನ್ನು ನೋಡಿದ ಹಾಗೆ.

"ಗುಡ್ಡಣ್ಣ, ಊಟ ಎಲ್ಲಿ ಮಾಡ್ತೀಯಾ?"

"ಇಲ್ಲೇ. ಬಾಗಿಲ ಮುಂದೆ."

"ಯಾರ ಜೊತೆ?"

ಆ ಪ್ರಶ್ನೆಯನ್ನು ಆ ರಕ್ಕಸನನ್ನು ಯಾರೂ ಕೇಳಿರಲಿಲ್ಲ. "ಯಾರಿದಾರೆ? ಬರಡಪ್ಪ ಮೇಲಿಂದ ಎಸೀತಾನೆ. ನಾನು ತಿಂತೀನಿ," ಅಂದ. ಆ ಗುಡುಗಿನ ಗಂಟಲು ಸಣ್ಣಗಾಗಿತ್ತು.

"ಬಾ, ಕೂತ್ಕೋ. ನಾವೂ ಉಂಡಿಲ್ಲ," ಅಂದಳು ದ್ಯಾವಿ.

ಎಲ್ಲರೂ ಹಳಿಯ ಪಕ್ಕದಲ್ಲಿ ಸಾಲಾಗಿ ಕೂತರು. ಬುತ್ತಿಗಳು ಬಿಚ್ಚಿಕೊಂಡವು. ಒಬ್ಬರ ಚಟ್ನಿ ಇನ್ನೊಬ್ಬರ ಎಲೆಗೆ ಹೋಯಿತು, ಇನ್ನೊಬ್ಬರ ಮೊಸರನ್ನ ಮತ್ತೊಬ್ಬರಿಗೆ. ಪಾರಜ್ಜಿ ಮಗಳಿಗೆ ಕಟ್ಟಿದ್ದ ಭರಣಿ ಬಿಚ್ಚಿ ರಕ್ಕಸನ ಅಂಗೈಗೆ ಒಂದು ಹೋಳು ಹಾಕಿದಳು. "ಮೆಲ್ಲಗೆ ತಿನ್ನೋ, ಯಾರೂ ಕಿತ್ಕೊಳ್ಳಲ್ಲ. ಖಾರ ಆಯ್ತಾ? ಇನ್ನೊಂಚೂರು ಮೊಸರನ್ನ ಹಾಕ್ಕೋ," ಅಂತ ಗದರಿದಳು.

ಗುಡ್ಡಣ್ಣ ಒಂದು ಹೋಳು ಉಪ್ಪಿನಕಾಯಿ, ಒಂದು ಹಿಡಿ ಮೊಸರನ್ನ ತಿಂದ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂತ ಹೇಳಿದ. ಆಮೇಲೆ ಢರ್ರನೆ ತೇಗಿದ. ಆ ತೇಗಿಗೆ ಕಲ್ಲಿನ ಬಾಗಿಲು ತಾನೇ ತೆರೆದುಕೊಂಡಿತು.

"ನಾನೂ ಬರ್ತೀನಿ," ಅಂದ ಗುಡ್ಡಣ್ಣ. ರೈಲಿನೊಳಗೆ ಹಿಡಿಸಲಿಲ್ಲ, ಹಿಂದೆ ನಡೆದುಕೊಂಡೇ ಬಂದ.

ಬೆಟ್ಟದ ತುದಿಯಲ್ಲಿ ಬರಡಪ್ಪನ ಮನೆ. ಕೆಂಡಾನೆ ಅದರ ಕಿಟಕಿಯ ಪಕ್ಕಕ್ಕೆ ಬಂದು ನಿಂತಿತು. ಹೊಟ್ಟೆಯಲ್ಲಿ ಹನಿ ನೀರಿಲ್ಲ. ಸೊಂಡಿಲು ಜೋತುಬಿದ್ದಿತ್ತು.

ದ್ಯಾವಿ ಒಬ್ಬಳೇ ಒಳಗೆ ಹೋದಳು. ಒಳಗೆ ನೆಲದಿಂದ ಸೂರಿನವರೆಗೆ ಹಿತ್ತಾಳೆ ತಂಬಿಗೆಗಳು. ಗುರುತು ಸಿಗದಿರಲೆಂದು ಎಲ್ಲ ಒಂದೇ ಅಳತೆ, ಒಂದೇ ಹೊಳಪು. ನಡುವೆ ಬರಡಪ್ಪ ಕಾಲುಮೇಲೆ ಕಾಲು ಹಾಕಿ ಕೂತಿದ್ದ.

"ಬಾ ಮಗಳೇ," ಅಂದ. "ನಿನ್ನ ಕೆರೆ ಯಾವುದರಲ್ಲಿದೆ ಹೇಳು. ಒಂದೇ ಅವಕಾಶ. ತಪ್ಪಿದ್ರೆ ನೀನು ಈ ತಂಬಿಗೆ ತಿಕ್ಕಿಕೊಂಡು ಇಲ್ಲೇ ಬಿದ್ದಿರಬೇಕು, ಸಾಯೋತನಕ."

"ಆಗಲಿ," ಅಂದಳು ದ್ಯಾವಿ. ಗಂಡನನ್ನು ಕೂಗಿ ನೋಡಿದಳು. ಮಾಟದ ಮುಚ್ಚಳ, ಸದ್ದು ಹೊರಗೆ ಬರಲಿಲ್ಲ. ತಟ್ಟಿ ನೋಡಿದಳು. ಎಲ್ಲವೂ ಒಂದೇ ದನಿ. ಎತ್ತಿ ನೋಡಿದಳು. ಎಲ್ಲವೂ ಒಂದೇ ತೂಕ. ಬರಡಪ್ಪ ಮೀಸೆಯಡಿಯಲ್ಲಿ ನಕ್ಕ.

ದ್ಯಾವಿಯೂ ನಕ್ಕಳು. ಒಂದೊಂದೇ ತಂಬಿಗೆಯನ್ನು ಮೂಗಿಗೆ ಹಿಡಿಯುತ್ತ ಹೋದಳು. ಹುಣಸೆಹಣ್ಣಿನ ವಾಸನೆ, ಬೂದಿಯ ವಾಸನೆ, ಮತ್ತೆ ಹುಣಸೆಹಣ್ಣಿನ ವಾಸನೆ. ಮೂಲೆಯಲ್ಲಿದ್ದ ಒಂದು ತಂಬಿಗೆಯ ಕುತ್ತಿಗೆಯ ಹತ್ತಿರ ಮೂಗು ನಿಂತಿತು.

"ಇದೇ," ಅಂದಳು. "ಮೀನು ಮಾರೋಳ ಕೈ ಕಣಯ್ಯಾ ಇದು. ನಾನು ಮುಟ್ಟಿದ ಪಾತ್ರೇನ ನೀನು ಹುಣಸೆಹಣ್ಣಲ್ಲಿ ಅಲ್ಲ, ಗಂಗೇಲಿ ಮುಳುಗಿಸಿ ತೆಗೆದ್ರೂ ವಾಸನೆ ಹೋಗಲ್ಲ. ನಮ್ಮತ್ತೆ ಕೇಳಿ ನೋಡು, ನಮ್ಮನೆ ಹಾಲಿನ ಪಾತ್ರೆ ಕತೆ ಹೇಳ್ತಾಳೆ."

ಬರಡಪ್ಪನ ಮುಖ ಕಪ್ಪಿಟ್ಟಿತು. "ಸಿಕ್ಕಿದ್ರೇನಾಯ್ತು? ಆ ಮುಚ್ಚಳ ಮನುಷ್ಯರ ಕೈಗೆ ಬಗ್ಗಲ್ಲ. ಎಷ್ಟು ಬೇಕಾದ್ರೂ ಎಳಿ!"

"ಮನುಷ್ಯರ ಕೈಗೆ ತಾನೇ?" ಅಂದವಳೇ ದ್ಯಾವಿ ಕಿಟಕಿಯ ಕಡೆ ಓಡಿದಳು. "ಕೆಂಡಾನೆ, ಬಾರಪ್ಪಾ, ನಿನ್ನ ನೀರು ಇಲ್ಲಿದೆ!"

ಸೊಂಡಿಲು ಒಳಗೆ ಬಂತು, ಮುಚ್ಚಳ ಕಿತ್ತು ಎಸೆಯಿತು. ಬಾಯಾರಿದ ಆನೆ ಒಂದೇ ಉಸಿರಿಗೆ ಹಿರಿಗೆರೆಯನ್ನೆಲ್ಲ ಹೀರಿತು. ತಾವರೆ ಹೋಯಿತು, ನೀರುಕೋಳಿ ಹೋಯಿತು, ದೋಣಿ ಹೋಯಿತು, ದೋಣಿಯಲ್ಲಿ ಗಟ್ಟಿಯಾಗಿ ಕೂತ ಚೆಲುವನೂ ಹೋದ. ಅಷ್ಟೂ ನೀರು ಆನೆಯ ಹೊಟ್ಟೆಯಲ್ಲಿ ಹಿಡಿಯಿತೇ ಅಂತ ಕೇಳಬೇಡಿ. ತಂಬಿಗೆಯಲ್ಲಿ ಹಿಡಿದದ್ದು ಆನೆಯ ಹೊಟ್ಟೆಯಲ್ಲಿ ಹಿಡಿಯುವುದಿಲ್ಲವೇ?

"ನನ್ನ ತಂಬಿಗೆ! ನನ್ನ ತಂಬಿಗೆ!" ಅಂತ ಬರಡಪ್ಪ ಎರಡೂ ಕೈಯಿಂದ ಅದನ್ನು ಜಗ್ಗಿದ. ಬಿಟ್ಟಿದ್ದರೆ ಬದುಕುತ್ತಿದ್ದ. ಬಿಡುವ ಬುದ್ಧಿ ಅವನಿಗೆಲ್ಲಿ? ನೀರು ಖಾಲಿಯಾದ ತಂಬಿಗೆ ಗಾಳಿಯನ್ನೆಳೆಯಿತು, ಗಾಳಿಯ ಜೊತೆ ಅವನನ್ನೂ ಎಳೆದುಕೊಂಡಿತು. ಮೊದಲು ಬೆರಳು, ಆಮೇಲೆ ಮೊಣಕೈ, ಆಮೇಲೆ ಮೀಸೆ. ಗುಡ್ಡಣ್ಣ ಒಂದು ಬಂಡೆ ತಂದು ತಂಬಿಗೆಯ ಬಾಯಿಗೆ ಇಟ್ಟ. ಅಲ್ಲಿಗೆ ಬರಡಪ್ಪನ ಆಟ ಮುಗಿಯಿತು.

ಜನ ಜೈ ಅಂದರು. ಜವರಣ್ಣ ಅನ್ನಲಿಲ್ಲ. ಅವನು ಆನೆಯ ಹೊಟ್ಟೆ ಮುಟ್ಟಿ ನೋಡುತ್ತಿದ್ದ.

"ತಂಗೀ, ಬೆಂಕಿ ಆರಿಹೋಯ್ತು," ಅಂದ. ಅಷ್ಟು ನೀರು ಬಿದ್ದರೆ ಕೆಂಡ ಉಳಿಯುತ್ತದೆಯೇ? ಕೆಂಡಾನೆಯ ಕಣ್ಣು ಮುಚ್ಚಿತ್ತು, ಸೊಂಡಿಲು ಹೆಪ್ಪುಗಟ್ಟಿದ ಹಾಗೆ ಬಿಗಿದಿತ್ತು. ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗೆ. ಒಳಗಿಂದ ಯಾರೋ ಗುದ್ದುವ ಸದ್ದು. ಆಮೇಲೆ ಉಕ್ಕಿನಾಚೆಯಿಂದ ಸಣ್ಣಗೆ ಒಂದು ದನಿ.

"ಯಾರಿದೀರಾ ಹೊರಗೆ? ಕತ್ತಲೆ ಕಣ್ರೀ ಇಲ್ಲಿ!"

"ನಾನೇ!" ಅಂತ ಕೂಗಿದಳು ದ್ಯಾವಿ. "ಅಲ್ಲಾಡದೆ ಕೂತಿರು. ಊರಿಗೆ ಹೋಗ್ತಿದೀವಿ."

ಊರಿಗೆ ದಾರಿಯೆಲ್ಲ ಇಳಿಜಾರು. ಗುಡ್ಡಣ್ಣ ಆನೆಯ ಹಣೆಗೆ ಕೈಕೊಟ್ಟು ಒಂದು ನೂಕು ನೂಕಿದ. ಸತ್ತ ಹಾಗಿದ್ದ ಆನೆ, ಹೊಟ್ಟೆ ತುಂಬ ಸರೋವರ, ಹಿಂದೆ ಇಡೀ ರೈಲು, ಎಲ್ಲ ಹಿಂದುಮುಂದಾಗಿ ಬೆಟ್ಟ ಇಳಿದವು. ರಕ್ಕಸ ಓಡಿ ಮುಂದೆ ಹೋಗಿ, ಕೊನೆಯ ಡಬ್ಬಿಗೆ ಎದೆಕೊಟ್ಟು ತಡೆದು, ಮತ್ತೆ ಬಿಟ್ಟು, ಅಂತೂ ನೀರಂಚಿಗೆ ತಂದು ನಿಲ್ಲಿಸಿದ. ದಾರಿಯುದ್ದಕ್ಕೂ ಪಾರಜ್ಜಿ ಭರಣಿಯ ಮೇಲೆ ಬಗ್ಗಿ ಕೂತಿದ್ದಳು.

ಊರು ಸಿಕ್ಕಿತು. ಆದರೆ ನೀರು ಹೊರಗೆ ಬರಬೇಕಾದರೆ ಸೊಂಡಿಲು ಏಳಬೇಕು. ಸೊಂಡಿಲು ಏಳಬೇಕಾದರೆ ಆನೆಯ ಮೈ ಬಿಸಿಯಾಗಬೇಕು. ಜನ ಸೌದೆ ಹೊತ್ತು ಓಡಿಬಂದರು. ಹೊಟ್ಟೆಯಡಿಗೆ ರಾಶಿ ಹಾಕಿದರು. ಒಬ್ಬ ಕೊಳ್ಳಿ ತಂದ.

"ನಿಲ್ಲಿ!" ಅಂದಳು ದ್ಯಾವಿ. "ಜೋರು ಬೆಂಕಿ ಹಾಕಿದ್ರೆ ನೀರು ಕುದಿಯುತ್ತೆ. ಒಳಗಿರೋರು ಏನಾಗ್ತಾರೆ?"

ಜನ ಕೊಳ್ಳಿ ಕೆಳಗಿಟ್ಟರು. ಅಷ್ಟೊತ್ತು ಯಾರಿಗೂ ಅದು ಹೊಳೆದಿರಲಿಲ್ಲ.

ದ್ಯಾವಿ ಸೌದೆಯೆಲ್ಲ ಎಳೆದು ಹಾಕಿಸಿದಳು. ಅತ್ತೆ ಸೊಸೆ ಇಬ್ಬರೂ ಮೀನಿಗೆ ಹೊಗೆ ಹಾಕುವ ಹಾಗೆಯೇ ಶುರುಮಾಡಿದರು. ತಳಕ್ಕೆ ಭತ್ತದ ಹೊಟ್ಟು, ಅದರ ಮೇಲೆ ಬೆರಣಿ ಚೂರು, ಪ್ರತಿ ಮನೆಯ ಒಲೆಯಿಂದ ಒಂದೊಂದು ಕೆಂಡ. ಉರಿ ಎದ್ದಲ್ಲಿ ಒದ್ದೆ ಹೊಟ್ಟು ಎರಚಿ ತಗ್ಗಿಸುವುದು, ಕೆಂಡ ಮಂಕಾದಲ್ಲಿ ಊದಿ ಎಬ್ಬಿಸುವುದು. ಹೊಗೆಮೀನಿನ ಬೆಂಕಿ ಅಂದರೆ ಅದೇ. ಅದಕ್ಕೆ ಅವಸರ ತಿಳಿಯದು.

ಹೊತ್ತು ಏರಿತು. ಒಳಗಿಂದ ಚೆಲುವನ ದನಿ ಬಂತು, ಹಲ್ಲು ಕಟಕಟ ಅನ್ನುತ್ತಿತ್ತು.

"ಚಳಿ ಕಣೇ! ತಡಕೊಳ್ಳೋಕಾಗ್ತಿಲ್ಲ. ಬೆಂಕಿ ಜೋರು ಮಾಡು!"

ದ್ಯಾವಿಯ ಕೈ ಸೌದೆಯ ರಾಶಿಯ ಕಡೆ ಹೋಯಿತು. ಒಂದು ಹಿಡಿ ಒಣಸೌದೆ ಹಾಕಿದರೆ ಸಾಕು, ಅವನ ಚಳಿ ಈಗಲೇ ಹೋಗುತ್ತದೆ. ಆದರೆ ಉಕ್ಕು ಒಮ್ಮೆ ಕಾದರೆ ತಣಿಸುವವರು ಯಾರು?

"ಇಲ್ಲ," ಅಂದಳು. "ಇನ್ನೊಂಚೂರು ತಡ್ಕೋ."

"ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಜೋರು ಮಾಡು!"

"ಹಾಕಮ್ಮಾ, ಪಾಪ," ಅಂದರು ರೈಲಿನವರು. "ಗಂಡ ಕೇಳ್ತಿದಾನೆ, ಕಲ್ಲೆದೆಯೇನಮ್ಮಾ ನಿಂದು?" ಅಂದರು ಊರಿನವರು. ದ್ಯಾವಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಹೊಗೆಗೆ ಅಂತ ಅವಳು ಹೇಳಲಿಲ್ಲ. ಅಳುತ್ತಲೇ ಒಂದು ಕಡೆ ಎದ್ದ ಉರಿಗೆ ಒದ್ದೆ ಹೊಟ್ಟು ಎರಚಿದಳು.

ಆಮೇಲೆ ಒಳಗಿನ ಸದ್ದು ನಿಂತಿತು. ದನಿ ಇಲ್ಲ, ಗುದ್ದು ಇಲ್ಲ.

ದ್ಯಾವಿ ಅತ್ತೆಯ ಮುಖ ನೋಡಿದಳು. "ಅತ್ತೆ, ನಾನು ತಪ್ಪು ಮಾಡ್ತಿದೀನಾ? ನೀವು ಹೇಳಿ, ಸೌದೆ ಹಾಕ್ತೀನಿ."

ಒಳಗಿದ್ದವನು ನಂಜವ್ವನ ಒಬ್ಬನೇ ಮಗ. "ಈ ಬೆಂಕಿ ನಿನಗೆ ಕಲಿಸಿದ್ದು ನಾನು. ನನ್ನನ್ನು ಮೀರಿ ಕಲಿತಿದೀಯಾ," ಅಂದಳು. "ನನ್ನ ಮುಖ ನೋಡಬೇಡ. ಬೆಂಕಿ ನೋಡು."

ದ್ಯಾವಿ ಬೆಂಕಿ ನೋಡಿದಳು. ಊದಿದಳು, ತಗ್ಗಿಸಿದಳು, ಮತ್ತೆ ಊದಿದಳು. ಅಂಗೈಯನ್ನು ಆನೆಯ ಹೊಟ್ಟೆಗೆ ಒತ್ತಿ ಹಿಡಿದಳು. ತಣ್ಣಗಿದ್ದದ್ದು ಬೆಚ್ಚಗಾಯಿತು. ಬೆಚ್ಚಗಿದ್ದದ್ದು ಹಿತವಾಯಿತು. ಆಗ ಕೆಂಡಾನೆಯ ಒಂದು ರೆಪ್ಪೆ ಅಲುಗಿತು. ಜವರಣ್ಣ ಅದರ ಕಿವಿಯಲ್ಲಿ ಏನೋ ಹೇಳಿದ. ಸೊಂಡಿಲು ಮೆಲ್ಲಗೆ ಎದ್ದಿತು.

ಎದ್ದಿತು, ಹಿರಿಗೆರೆಯ ಕಡೆ ತಿರುಗಿತು, ಒಂದು ದೊಡ್ಡ ಸೀನು ಸೀನಿತು. ನೀರು ಬಂತು. ಮೊದಲು ಧಾರೆ, ಆಮೇಲೆ ಹೊಳೆ, ಆಮೇಲೆ ಕಡಲು. ಮೀನು, ತಾವರೆ, ಕೂಗಾಡುವ ನೀರುಕೋಳಿಗಳು, ಎಲ್ಲ ಬಂದು ತಂತಮ್ಮ ಜಾಗಕ್ಕೆ ಬಿದ್ದವು. ಕೊನೆಗೆ ದೋಣಿ ಬಂತು. ದೋಣಿಯಲ್ಲಿ ಚೆಲುವ ಬಲೆಯನ್ನು ಹೊದ್ದುಕೊಂಡು ಮುದುರಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಆದರೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

ದ್ಯಾವಿ ಸೊಂಟದ ಮಟ್ಟದ ನೀರಿಗೆ ಇಳಿದು ದೋಣಿಯನ್ನು ಎಳೆದುಕೊಂಡಳು.

"ಗಂಡ ಅಂಗಲಾಚಿ ಕೇಳ್ಕೊಂಡ್ರೂ ಒಂದು ಸೌದೆ ಹಾಕ್ಲಿಲ್ವಲ್ಲೇ," ಅಂದ ಚೆಲುವ. "ಎಂಥಾ ಹಟಮಾರಿ ನೀನು!"

"ಹಾಕಿದ್ದಿದ್ರೆ ಇಷ್ಟೊತ್ತಿಗೆ ನೀನು ಸಾರಾಗಿರ್ತಿದ್ದೆ," ಅಂದಳು ದ್ಯಾವಿ.

ಚೆಲುವ ಹಿಂತಿರುಗಿ ನೋಡಿದ. ಆನೆಯ ಹೊಟ್ಟೆಯಡಿ ಹಬ್ಬಿದ ಕೆಂಡ, ಅದರಾಚೆಗೆ ಎಳೆದು ಹಾಕಿದ್ದ ಸೌದೆಯ ರಾಶಿ, ಹೆಂಡತಿಯ ಬೊಬ್ಬೆಯೆದ್ದ ಅಂಗೈ. ಆ ಕೈಯನ್ನು ತಣ್ಣೀರಲ್ಲಿ ಅದ್ದಿ ಹಿಡಿದುಕೊಂಡ. ಅಷ್ಟು ದಾರಿ, ಅಷ್ಟು ಕಾವಲು, ಅಷ್ಟು ಹೊತ್ತು ಗಟ್ಟಿಯಾಗಿದ್ದ ದ್ಯಾವಿ ಆಗ ಹೋ ಅಂತ ಅತ್ತಳು. ಇಡೀ ರೈಲಿನ ಮುಂದೆ, ಇಡೀ ಊರಿನ ಮುಂದೆ, ನಾಚಿಕೆಯಿಲ್ಲದೆ ಅವನ ಹೆಗಲಿಗೆ ಮುಖವಿಟ್ಟು ಅತ್ತಳು. ನಂಜವ್ವ ಜನರ ಕಡೆ ತಿರುಗಿ, "ಏನ್ರೀ ನೋಡ್ತೀರಾ, ನಿಮ್ಮನೇಲಿ ಗಂಡ ಹೆಂಡ್ತಿ ಇಲ್ವಾ?" ಅಂತ ಗದರಿ, ತಾನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೆಂಡಾನೆಗೆ ಹೊಸ ಕೆಂಡ ತುಂಬಿದರು. ಪಾರಜ್ಜಿಯ ಉಪ್ಪಿನಕಾಯಿ ಮಗಳನ್ನು ತಲುಪಿತು, ಮೊಮ್ಮಗಳೂ ಹುಟ್ಟಿದಳು. ಗುಡ್ಡಣ್ಣ ಬೆಟ್ಟಕ್ಕೆ ಮರಳಲಿಲ್ಲ, ನೀರಂಚಿನಲ್ಲೇ ಉಳಿದು ದಿನಕ್ಕೊಂದು ಮನೆಯ ಪಂಕ್ತಿಯಲ್ಲಿ ಉಂಡ. ಚೆಲುವ ಬಲೆ ಬೀಸಿದ, ದ್ಯಾವಿ ಹೊಗೆ ಹಾಕಿದಳು, ಜಗಳವಾಡಿದರು, ನಕ್ಕರು, ಅವರಿಗೆ ಮಕ್ಕಳೂ ಆದರು. ನೀಳಾವತಿಯ ಈ ತುದಿಯಿಂದ ಆ ತುದಿಯವರೆಗೆ ಬಾಯಾರಿದವರಿಗೆ ನೀರು, ಹಸಿದವರಿಗೆ ಅನ್ನ, ಹೆಣ್ಣುಮಕ್ಕಳಿಗೆ ತವರು ಸಿಕ್ಕಿತು. ಅವರ ಬಾಳು ಹಾಗೆ ತುಂಬಿತು. ಕೇಳಿದ ನಿಮ್ಮ ಮನೆಯೂ ತುಂಬಿರಲಿ, ಹೇಳಿದ ನನಗೂ ಒಂದು ತುತ್ತು ಇರಲಿ.